ತವರಿನ ವಿಳಾಸದಲ್ಲಿದ್ದ ಏಳು ಮಕ್ಕಳು

ಕಾಗದದ ಪ್ರಕಾರ ನನಗೆ ಆಗ ಐವತ್ತೇಳು. ನಮ್ಮವ್ವ ಹೇಳುತ್ತಿದ್ದ ಲೆಕ್ಕ ಹಿಡಿದರೆ ಅರವತ್ತು ದಾಟಿತ್ತು. ಇದೆಲ್ಲ ಆಗಿ ಐದು ವರ್ಷವಾಯಿತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಇಬ್ಬರಲ್ಲಿ ನಾನೊಬ್ಬಳು.

ನಮ್ಮದು ತೆರಕಣಾಂಬಿಯಿಂದ ಒಳಕ್ಕೆ, ಕಾಡಿಗೆ ಅಂಟಿಕೊಂಡ ಹುಂಡಿ, ಅಂದರೆ ಪುಟ್ಟ ಊರು. ಇಪ್ಪತ್ತೆರಡು ಮನೆ. ಬಸ್ಸು ಹತ್ತಬೇಕಾದರೂ ಶಾಲೆ ಇರುವ ಊರಿಗೇ ನಡೆಯಬೇಕು. ಅದು ದಿಣ್ಣೆಯ ಮೇಲಿದೆ, ಅದಕ್ಕೆ ನಾವು ಮೇಲೂರು ಅನ್ನುತ್ತೇವೆ. ಮೊದಲು ಹುಂಡಿಯಲ್ಲೇ ಒಂದು ಕೋಣೆಯ ಶಾಲೆ ಇತ್ತು. ಮಕ್ಕಳು ಕಡಿಮೆಯಾದರೆಂದು ಅದನ್ನು ಮೇಲೂರಿನ ಶಾಲೆಗೆ ಸೇರಿಸಿದರು. ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಕೊನೆಯ ವರ್ಷ ಅಲ್ಲಿ ನಾಲ್ಕು ಮಕ್ಕಳು, ಒಬ್ಬರು ಮೇಷ್ಟ್ರು, ಒಂದು ನಾಯಿ ಇದ್ದವು.

ಮೇಲೂರಿಗೆ ಮೊದಲು ಹುರುಳಿ ಹೊಲದ ನಡುವೆ ನೇರ ಕಾಲುದಾರಿ ಇತ್ತು. ಆನೆ ಊರಿಗೆ ನುಗ್ಗದ ಹಾಗೆ ಕಂದಕ ತೋಡಿದಾಗ ಆ ದಾರಿ ತುಂಡಾಯಿತು. ಕಂದಕದ ಆಚೆ, ಕಾಡಿನ ಕಡೆಗೆ ಉಳಿದವರು ನಾವು. ಈಗ ಕಂದಕದ ಅಂಚು ಹಿಡಿದು ದೂರ ಹೋಗಿ, ಗೇಟಿರುವ ಜಾಗದಲ್ಲಿ ದಾಟಿ, ಆ ಕಡೆಯಿಂದ ಅಷ್ಟೇ ದೂರ ವಾಪಸು ಬರಬೇಕು.

ಹುಂಡಿಯಿಂದ ಏಳು ಮಕ್ಕಳು ಬರುತ್ತಿದ್ದರು. ಆರು ಜನ ಚಿಕ್ಕವರು. ಏಳನೆಯವಳು ಆರನೇ ಕ್ಲಾಸಿನ ಹುಡುಗಿ. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬರುತ್ತಿದ್ದರು. ಕಷ್ಟ ಸಂಜೆಗೆ. ನನ್ನ ಪಾತ್ರೆ ತೊಳೆಯುವ ಕೆಲಸ ಮೂರಕ್ಕೆ ಮುಗಿಯುತ್ತಿತ್ತು. ಚಿಕ್ಕವರನ್ನು ಮೂರೂವರೆಗೆ ಬಿಡುತ್ತಿದ್ದರು, ಅವರನ್ನು ಮುಂದೆ ಬಿಟ್ಟುಕೊಂಡು ಹೊರಡುತ್ತಿದ್ದೆ. ಮನೆಯಲ್ಲಿ ಎಮ್ಮೆ ಕರೆಯಬೇಕಿತ್ತು. ಆರನೇ ಕ್ಲಾಸು ಬಿಡುವುದು ನಾಲ್ಕೂವರೆಗೆ. ಆ ಹುಡುಗಿ ಒಬ್ಬಳೇ ಬರುತ್ತಿದ್ದಳು.

ಆ ವರ್ಷ ಗೌರಿ ಹಬ್ಬದ ಹಿಂದಿನ ವಾರ ಒಂದು ಸಂಜೆ ಗೇಟಿನ ಹತ್ತಿರ ಆನೆ ನಿಂತಿತ್ತು. ಹುಡುಗಿ ಕಂದಕದ ಮಣ್ಣುಗುಡ್ಡೆಯ ಹಿಂದೆ ಬ್ಯಾಗು ತಬ್ಬಿಕೊಂಡು ಕುಳಿತಿದ್ದಳು. ಆನೆ ಹೋಗುವವರೆಗೆ ಅಲುಗಲಿಲ್ಲ. ಮನೆಗೆ ಬಂದಾಗ ದೀಪ ಹಚ್ಚಿತ್ತು. ಅಳಲಿಲ್ಲ, ಊಟ ಕೇಳಿದಳು. ಅಪ್ಪ ಮಾತ್ರ ಅವತ್ತೇ ತೀರ್ಮಾನ ಮಾಡಿದ.

“ಆಯುಧಪೂಜೆ ಕಳೀಲಿ. ನಾವು ವಯನಾಡಿಗೆ ಶುಂಠಿ ಕೆಲಸಕ್ಕೆ ಓಗುವಾಗ ಇವಳನ್ನೂ ಕರ್ಕಂಡು ಓಯ್ತೀನಿ. ಓದಿದ್ದು ಸಾಕು. ಎಣ ತರೋಕಿಂತ ಇದೇ ವಾಸಿ,” ಅಂದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಆ ವರ್ಷವೇ ಶಾಲೆಗೆ ಹೊಸ ಹೆಡ್ ಮೇಡಂ ಬಂದಿದ್ದರು. ಗುಂಡ್ಲುಪೇಟೆಯವರು, ಸಾಬರ ಮನೆಯ ಹೆಣ್ಣುಮಗಳು. ತಂದೆ ಟೈಲರು. ಫೋನಿನಲ್ಲಿ ತಾಯಿಯ ಹತ್ತಿರ ಉರ್ದು, ನಮ್ಮ ಹತ್ತಿರ ಕನ್ನಡ. ಎರಡರಲ್ಲೂ ಮಾತು ಕಡಿಮೆ. ಬಂದ ದಿನವೇ ಸಾಂಬಾರಿನ ಪಾತ್ರೆಯ ತಳ ತಿರುಗಿಸಿ ನೋಡಿದ್ದರು. ಅದು ನನಗೆ ಸಿಟ್ಟು ತರಿಸಿತ್ತು. ಆಮೇಲೆ ಗೊತ್ತಾಯಿತು, ಅವರು ಎಲ್ಲದರ ತಳವನ್ನೂ ತಿರುಗಿಸಿ ನೋಡುತ್ತಾರೆ.

ಆನೆಯ ವಿಷಯ ಹೇಳಿದಾಗ ಅವರು ಅಯ್ಯೋ ಅನ್ನಲಿಲ್ಲ. “ಇಷ್ಟು ದಿನ ಯಾರೂ ಸಾರಿಗೆ ನೆರವು ಕೇಳಿಲ್ವಾ?” ಅಂದರು. ಹಾಗೊಂದು ಇದೆಯೆಂದು ನಮಗೆ ಗೊತ್ತಿರಲಿಲ್ಲ. ಶನಿವಾರ ಹುಂಡಿಯ ತಂದೆತಾಯಿಯರನ್ನು ಕರೆಸಿ ಅಡುಗೆಮನೆಯ ಜಗಲಿಯ ಮೇಲೆ ಕೂರಿಸಿ ಆದೇಶ ಓದಿದರು. ನಾನು ಸಣ್ಣ ಈರುಳ್ಳಿ ಸುಲಿಯುತ್ತ ಕೇಳಿದೆ. ಐದನೇ ಕ್ಲಾಸಿನವರೆಗಿನ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬಾರದು. ಆರರಿಂದ ಎಂಟಕ್ಕೆ ಮೂರು ಕಿಲೋಮೀಟರು. ಮಗು ನಿಜವಾಗಿ ಅಷ್ಟು ದೂರದಿಂದ ಬರುತ್ತಿರಬೇಕು, ಶಾಲೆಗೆ ತಪ್ಪಿಸಬಾರದು. ಹಾಗಿದ್ದರೆ ಗಾಡಿಗೋ ಜೊತೆಗೆ ಬರುವವರಿಗೋ ಸರ್ಕಾರ ನೆರವು ಕೊಡುತ್ತದೆ.

“ಬಡವರಿಗೆ ಮಾತ್ರನಾ?” ಅಂತ ಒಬ್ಬಳು ಕೇಳಿದಳು.

“ಇಲ್ಲಿ ಬಡವರು ಅಂತ ಬರೆದಿಲ್ಲ. ದೂರದವರು ಅಂತ ಬರೆದಿದೆ,” ಅಂದರು ಮೇಡಂ.

ಹುಡುಗಿಯ ಅಪ್ಪ ಹಿಂದೆ ನಿಂತಿದ್ದ. “ದೂರ ಅಂತ ತಿಳಿಯೋಕೆ ಸರ್ಕಾರಕ್ಕೆ ಕಾಗದ ಯಾಕ್ ಮೇಡಮ್ಮ? ಒಂದ್ ದಿನ ನಡೀಲಿ, ಗೊತ್ತಾಯ್ತದ,” ಅಂದ.

“ಸರ್ಕಾರ ನಡೆಯೋಲ್ಲ. ಅದರ ಬದಲು ನಾವು ನಡೆದು ಬರೆದು ಕೊಡಬೇಕು,” ಅಂದರು.

ಚಿಕ್ಕವರಿಗೆ ತೊಂದರೆ ಇರಲಿಲ್ಲ. ಹೇಗೆ ಅಳೆದರೂ ಒಂದು ಕಿಲೋಮೀಟರು ದಾಟುತ್ತಿತ್ತು. ತೊಂದರೆ ಆ ಹುಡುಗಿಯದು. ಮೇಡಂ ಫೋನಿನ ನಕ್ಷೆಯಲ್ಲಿ ನೋಡಿದರೆ ಶಾಲೆಯಿಂದ ಹುಂಡಿಗೆ ಮೂರು ಕಿಲೋಮೀಟರಿಗೂ ಕಡಿಮೆ ತೋರಿಸಿತು. ಅದು ಕಂದಕ ಬರುವುದಕ್ಕೆ ಮುಂಚಿನ ಕಾಲುದಾರಿ.

“ಇದು ಕಂದಕದ ಮೇಲೆ ಹಾರಿ ಹೋಗೋ ಲೆಕ್ಕ,” ಅಂದರು ಮೇಡಂ.

“ಹಾರೋಕೆ ಆ ಎಣ್ಣೇನು ಗಿಣೀನಾ?” ಅಂದೆ.

ಮರುದಿನ ಭಾನುವಾರ ಅವರು ತಂದೆಯ ಅಂಗಡಿಯಿಂದ ಬಟ್ಟೆ ಅಳೆಯುವ ಟೇಪು, ಒಂದು ಕೆಂಪು ಬಟ್ಟೆಚೂರು ತಂದರು. ನನ್ನ ಜೊತೆಯ ಅಡುಗೆಯವಳ ಗಂಡನ ಸೈಕಲ್ಲು ಕೇಳಿ ತಂದೆವು. ಮುಂದಿನ ಚಕ್ರದ ಸುತ್ತ ಟೇಪು ಹಿಡಿದರು. ಟೇಪು ಸಾಲದೆ ಎರಡು ಸಲ ಹಿಡಿಯಬೇಕಾಯಿತು. ಎರಡು ಮೀಟರು ಇಪ್ಪತ್ತು ಸೆಂಟಿಮೀಟರು. ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿದರು. ಅದು ಒಂದು ಸಲ ಕೆಳಗೆ ಬಂದರೆ ಒಂದು ಸುತ್ತು. ಅವರು ಸೈಕಲ್ಲು ತಳ್ಳುವುದು, ನಾನು ಎಣಿಸುವುದು. ನೂರು ಸುತ್ತಿಗೆ ಒಂದು ಹುಣಸೆಬೀಜ ನನ್ನ ಎಲೆಅಡಿಕೆ ಚೀಲಕ್ಕೆ.

ಮಧ್ಯಾಹ್ನದ ಊಟ ಮುಗಿಸಿ ಹೊರಟೆವು. ಗೇಟು ದಾಟುವವರೆಗೆ ಸರಿಯಾಗಿತ್ತು. ಅಲ್ಲಿ ಆಡು ಮೇಯಿಸುತ್ತಿದ್ದ ನಮ್ಮ ಹುಂಡಿಯವನೇ ಒಬ್ಬ, “ಏನಜ್ಜಿ, ಈ ವಯಸ್ನಲ್ಲಿ ಸೈಕಲ್ ಕಲೀತಿದ್ದೀಯಾ?” ಅಂದ. ನಾನು ಸುಮ್ಮನಿರಬೇಕಿತ್ತು. “ನಿಮ್ಮಪ್ಪನ್ನ ಕೂರಿಸ್ಕಂಡು ಓಗೋಕೆ ಕಲೀತಿದ್ದೀನಿ ಕಣ್ಲಾ,” ಅಂದೆ. ಅಷ್ಟರಲ್ಲಿ ಲೆಕ್ಕ ಹೋಯಿತು. ಅರವತ್ತೋ ಎಪ್ಪತ್ತೋ ತಿಳಿಯಲಿಲ್ಲ.

“ಎಪ್ಪತ್ತು ಅಂತ ಇಟ್ಕಳ್ಳಿ ಮೇಡಮ್ಮ. ಹತ್ತು ಸುತ್ತಲ್ಲಿ ಏನಾಯ್ತದ?” ಅಂದೆ.

ಅವರು ಸೈಕಲ್ಲು ತಿರುಗಿಸಿದರು. ಅರ್ಧಕ್ಕಿಂತ ಹೆಚ್ಚು ದಾರಿ ಬಂದಿದ್ದೆವು. ಶಾಲೆಯ ಬಾಗಿಲಿಗೆ ಹೋಗಿ ಮೊದಲಿನಿಂದ ಶುರುಮಾಡಿದೆವು. ನನ್ನ ಕಾಲು ಬೈಯುತ್ತಿತ್ತು, ಬಾಯಿ ಬೈಯಲಿಲ್ಲ. ಎರಡನೇ ಸಲ ಒಂದು ಗೋಟಡಿಕೆ ದವಡೆಯಲ್ಲಿ ಇಟ್ಟುಕೊಂಡೆ, ಯಾರು ಕರೆದರೂ ಬಾಯಿ ತೆರೆಯಬಾರದೆಂದು. ಹುಂಡಿಯ ಮೊದಲ ಮನೆ ಮುಟ್ಟಿದಾಗ ಚೀಲದಲ್ಲಿ ಹದಿನಾರು ಬೀಜ, ಮೇಲೆ ನಲವತ್ತು ಸುತ್ತು. ಮೇಡಂ ಅಲ್ಲೇ ಕಲ್ಲಿನ ಮೇಲೆ ಕುಳಿತು ಗುಣಿಸಿದರು. ಮೂರು ಸಾವಿರದ ಆರುನೂರ ಎಂಟು ಮೀಟರು.

“ಎಂಟು ಬುಟ್ಬುಡಿ,” ಅಂದೆ.

“ಎಂಟು ಬಿಟ್ಟರೆ ಆರುನೂರನ್ನೂ ಅಂದಾಜು ಅಂತಾರೆ,” ಅಂದರು.

ಇಂಥ ಕೆಲಸ ನಾನು ನೋಡಿರಲಿಲ್ಲ. ನಮ್ಮ ಕಡೆ ಅಳತೆಗೆ ಬಂದವರು ಮರದ ನೆರಳಿನಲ್ಲಿ ನಿಂತು, ಒಂದು ಕೂಗಿನ ದೂರ ಅಂತ ಬರೆದುಕೊಂಡು ಎಳನೀರು ಕುಡಿದು ಹೋಗುವವರು. ಈಕೆ ಚಪ್ಪಲಿ ಕಿತ್ತುಹೋಗಿ ಪಿನ್ನು ಚುಚ್ಚಿಕೊಂಡು ನಡೆದರು. ವಾಪಸು ಹೋಗುವಾಗಲೂ ಎಣಿಸಿದರು, ಎರಡು ಸಲ ಒಂದೇ ಬರುತ್ತದಾ ನೋಡಲು. ಬಂತು, ಮೂರು ಸುತ್ತು ಹೆಚ್ಚುಕಡಿಮೆ. ಅದನ್ನೂ ಬರೆದರು.

ಏಳು ಮಕ್ಕಳ ಹೆಸರು, ಅಳತೆ, ಕಂದಕದ ಫೋಟೋ, ಗೇಟಿನ ಫೋಟೋ ಎಲ್ಲ ಸೇರಿಸಿ ಕಳಿಸಿದರು. ಹುಡುಗಿಯ ಅಪ್ಪನಿಗೆ, “ಪಟ್ಟಿ ಬರೋವರೆಗೆ ತಡೀಲಾ,” ಅಂದೆ. “ಆಯುಧಪೂಜೆವರ್ಗೂ ತಡೀತೀನಿ. ಆಮೇಲೆ ಮೇಸ್ತ್ರಿ ನನ್ನ ಕಾಯಲ್ಲ,” ಅಂದ.

ನೆರವು ಸಿಕ್ಕವರ ಪಟ್ಟಿ ಬಂತು. ನಮ್ಮ ಹುಂಡಿಯ ಹೆಸರಿನ ಕೆಳಗೆ ಒಂದೇ ಮಗು. ಅದು ನನ್ನ ಮಗಳ ಮಗಳು.

ನನ್ನ ಮಗಳನ್ನು ಕೊಟ್ಟಿರುವುದು ಮೇಲೂರಿಗೆ. ಅವಳ ಮನೆ ಶಾಲೆಯ ಕಾಂಪೌಂಡಿನ ಹಿಂದೆಯೇ. ನಾನು ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು ಬರುತ್ತದೆ. ಮೊಮ್ಮಗಳು ಎರಡನೇ ಕ್ಲಾಸು, ಗಂಟೆ ಹೊಡೆದ ಮೇಲೆ ಎದ್ದು ಬರುವವಳು. ದೂರದ ಮಗು ಅಂತ ಸರ್ಕಾರ ಒಪ್ಪಿದ್ದು ಅವಳನ್ನು. ಕಂದಕ ಸುತ್ತಿ ಬರುವ ಏಳು ಜನ ಶಾಲೆಯ ಪಕ್ಕದಲ್ಲೇ ಇದ್ದಾರೆ ಅಂತ ಬಿಟ್ಟಿತ್ತು.

ಹುಂಡಿಗೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ನಲ್ಲಿಯ ಹತ್ತಿರ ಕೊಡ ಇಟ್ಟಾಗ ಒಬ್ಬಳು, “ಏನತ್ತೆ, ನಿನ್ನ ಮೊಮ್ಮಗಳಿಗೆ ಜೀಪು ಎಲ್ಲಿಂದ ಎಲ್ಲಿಗೆ? ಅಡಿಗೆಮನೆಯಿಂದ ಕ್ಲಾಸಿಗಾ?” ಅಂದಳು. ಇನ್ನೊಬ್ಬಳು, “ಅರ್ಧ ದಾರೀಲಿ ನಿಲ್ಸಿ ಟೀ ಕುಡಿಸ್ಬೇಕಾಯ್ತದ ಮಗೀಗೆ,” ಅಂದಳು. ಎಲ್ಲರೂ ನಕ್ಕರು. ಹುಡುಗಿಯ ಅಪ್ಪ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅದು ಹೆಚ್ಚು ಚುಚ್ಚಿತು.

ನಾವು ಕಳಿಸಿದ್ದು ಏಳು ಹೆಸರಾದರೂ, ಪಟ್ಟಿ ಮಾಡುವುದು ಶಾಲೆಯ ಎಲ್ಲ ಮಕ್ಕಳ ಆಧಾರ್ ವಿಳಾಸ ನೋಡಿಯೇ ಅಂತೆ. ಮೇಡಂ ಎಂಟು ಮಕ್ಕಳ ಆಧಾರ್ ಪ್ರತಿಗಳನ್ನು ದಾಖಲಾತಿ ಕಡತದಿಂದ ತೆಗೆದು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಹರಡಿದರು. ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ಒಂದೊಂದು ಆಲೂಗಡ್ಡೆ ಇಟ್ಟರು.

“ಇದನ್ನು ನಾನು ಮೊದಲೇ ನೋಡಬೇಕಿತ್ತು. ನೋಡಲಿಲ್ಲ,” ಅಂದರು. ಬೆರಳಿಟ್ಟು ಓದಿದರು. “ಹುಂಡಿಯ ಏಳು ಮಕ್ಕಳೂ ಮೇಲೂರಿನಲ್ಲಿದ್ದಾರೆ. ಮೇಲೂರಿನ ಒಂದು ಮಗು ಹುಂಡಿಯಲ್ಲಿದೆ. ಒಂದು ತಪ್ಪಾದರೆ ಕೈತಪ್ಪು ಅನ್ನಬಹುದು. ಎಂಟೂ ತಪ್ಪು ಹೇಗಮ್ಮ?”

ನನಗೆ ಅಲ್ಲೇ ಹೊಳೆಯಿತು. ಹೊಳೆಯಬಾರದಿತ್ತು ಅನ್ನಿಸಿತು.

“ಅದು ನಾನೇ ಮಾಡ್ಸಿದ್ದು,” ಅಂದೆ.

ನಮ್ಮ ಹುಂಡಿಗೆ ಹೆಣ್ಣು ತರುವುದು ಹೆಚ್ಚು ಪಾಲು ಮೇಲೂರಿನಿಂದ. ಕೊಡುವುದೂ ಅಲ್ಲಿಗೇ. ಮೊದಲ ಎರಡು ಬಾಣಂತನ ತವರಿಗೆ ಬಿಟ್ಟದ್ದು, ಅದರಲ್ಲಿ ಮಾತಿಲ್ಲ. ತಾಯಂದಿರ ಆಧಾರ್ ಕಾರ್ಡು ಮದುವೆಗೆ ಮುಂಚೆ ಮಾಡಿಸಿದ್ದು, ತವರಿನ ವಿಳಾಸ. ಮಗುವಿನ ಜನನ ಪತ್ರದಲ್ಲೂ ತವರಿನದೇ. ಕೆಲವು ವರ್ಷದ ಹಿಂದೆ ಮಕ್ಕಳ ಕಾರ್ಡಿಗೆ ಮೇಲೂರಿನಲ್ಲಿ ಕ್ಯಾಂಪು ಹಾಕಿದಾಗ ಹುಂಡಿಯ ಹೆಂಗಸರನ್ನೆಲ್ಲ ಕರೆದುಕೊಂಡು ಹೋದವಳು ನಾನು. ಒಬ್ಬಳು, “ಗಂಡನ ಮನೆ ವಿಳಾಸ ಏಳ್ಬೇಕಾ ಅತ್ತೆ?” ಅಂತ ಕೇಳಿದ್ದಳು. ನಾನು, “ಎರಡು ಕಾಗದ ಎರಡು ಮಾತಾಡಿದ್ರೆ ವಾಪಸ್ ಕಳಿಸ್ತಾರೆ ಕಣಮ್ಮಿ. ಅವ್ವಂದು ಏನಿದ್ದದೋ ಅದನ್ನೇ ಕೊಡು,” ಅಂದಿದ್ದೆ. ಎಲ್ಲರೂ ಅದನ್ನೇ ಕೊಟ್ಟರು. ಅವತ್ತು ಒಬ್ಬರನ್ನೂ ವಾಪಸು ಕಳಿಸಲಿಲ್ಲ. ಕೆಲಸ ಸಲೀಸಾಯಿತೆಂದು ನಾನು ಎಲ್ಲರಿಂದ ಹೊಗಳಿಸಿಕೊಂಡು ಬಂದಿದ್ದೆ. ನನ್ನ ಮಗಳ ಕಾರ್ಡಿನಲ್ಲಿ ತವರು ಅಂದರೆ ನನ್ನ ಮನೆ. ಹಾಗಾಗಿ ಮೊಮ್ಮಗಳು ಹುಂಡಿಯವಳಾದಳು.

ಮೇಡಂ ಕೇಳಿ ಮುಗಿಸಿ, “ಮದುವೆಯಾದ ಮೇಲೂ ಕಾಗದದಲ್ಲಿ ಯಾರೂ ಗಂಡನ ಮನೆಗೆ ಬಂದೇ ಇಲ್ಲ,” ಅಂದರು. ನಕ್ಕರೋ ಇಲ್ಲವೋ ತಿಳಿಯಲಿಲ್ಲ. ಆಲೂಗಡ್ಡೆ ತೆಗೆದು ಬುಟ್ಟಿಗೆ ಹಾಕಿ ಕಾಗದ ಜೋಡಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಎಲ್ಲರ ಕಾರ್ಡು ತಿದ್ದಿಸಲು ದಿನ ಇರಲಿಲ್ಲ. ಆಕ್ಷೇಪಣೆ ಕಳಿಸಲು ಉಳಿದಿದ್ದದ್ದು ಐದು ದಿನ. ಮೇಡಂ ನನ್ನನ್ನೂ ಕರೆದುಕೊಂಡು ಗುಂಡ್ಲುಪೇಟೆಯ ಶಿಕ್ಷಣ ಇಲಾಖೆ ಆಫೀಸಿಗೆ ಹೋದರು. ಅಲ್ಲಿಯ ಗುಮಾಸ್ತರು ನಾವು ಅಂದುಕೊಂಡ ಹಾಗೆ ಅಟ್ಟಲಿಲ್ಲ. ಕಾಗದವನ್ನೆಲ್ಲ ನೋಡಿ ಹೇಳಿದರು: “ವಿಳಾಸ ಒಂದು ಕಡೆ, ವಾಸ ಒಂದು ಕಡೆ ಆದ್ರೆ ಮನೆಮನೆ ನೋಡಿ ಮಹಜರು ಮಾಡಿ ಕಳಿಸಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಅಧ್ಯಕ್ಷರು ಇಬ್ಬರೂ ಹೋಗಿ ನೋಡಿರಬೇಕು. ತಪ್ಪು ಹೇಗಾಯ್ತು ಅಂತ ಗೊತ್ತಿರೋರ ಹೇಳಿಕೆ ಬೇಕು. ಇನ್ನೊಂದು ಮಾತು. ಬಂದಿರೋ ಆ ಒಂದು ಹೆಸರನ್ನೂ ನೋಡ್ಬೇಕು. ಅದು ಸರಿ, ಉಳಿದದ್ದು ಮಾತ್ರ ತಪ್ಪು ಅಂದ್ರೆ ನಾನು ಮೇಲಕ್ಕೆ ಕಳ್ಸೋಕಾಗಲ್ಲ.”

ಬಸ್ಸಿನಲ್ಲಿ ಮೇಡಂ ಕಿಟಕಿ ಕಡೆ ನೋಡುತ್ತ ಕುಳಿತಿದ್ದರು. ಹೊರಗೆ ಚೆಂಡುಹೂವಿನ ಹೊಲ. ತೆರಕಣಾಂಬಿಯಲ್ಲಿ ಇಳಿಯುವಾಗ, “ನೀವು ಯೋಚನೆ ಮಾಡಿ ಹೇಳಿ. ಹೇಳಿಕೆ ಕೊಡಲೇಬೇಕು ಅಂತ ನಾನು ಬಲವಂತ ಮಾಡೋಲ್ಲ,” ಅಂದರು.

ಅವತ್ತೇ ಸಂಜೆ ಅಳಿಯ ಅಡುಗೆಮನೆಯ ಬಾಗಿಲಿಗೆ ಬಂದ. “ಬಂದದ್ದನ್ನ ಯಾಕ್ ಬುಡಬೇಕು ಅತ್ತೆ? ನಾವೇನು ಕೇಳಿ ಇಸ್ಕಂಡ್ವಾ? ಈ ವರ್ಷ ಅದು ಇರಲಿ, ಬರೋ ವರ್ಷ ಅವರದ್ದು ಸರಿ ಮಾಡಿಸ್ಬೋದು,” ಅಂದ. ಮಗಳು ಅವನ ಹಿಂದೆ ನಿಂತು ನೆಲ ನೋಡುತ್ತಿದ್ದಳು. ಜೊತೆಯ ಅಡುಗೆಯವಳು ಅವರು ಹೋದ ಮೇಲೆ, “ಸುಳ್ಳು ವಿಳಾಸ ನಾನೇ ಕೊಡಿಸ್ದೆ ಅಂತ ಬರ್ಕೊಟ್ರೆ ಕೆಲಸದಿಂದ ತೆಗೀತಾರೆ ಕಣಕ್ಕ. ಸಾಬ್ರಮ್ಮ ಇವತ್ತು ಇದ್ದಾರೆ, ನಾಳೆ ಟ್ರಾನ್ಸ್‌ಫರ್ ಆಗೋಯ್ತಾರೆ. ನೀನು ಎಲ್ಲಿಗೋಯ್ತೀಯ?” ಅಂದಳು.

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಒಲೆಯ ಮುಂದೆ ಕುಳಿತು ಯೋಚಿಸಿದೆ. ಬರುವ ವರ್ಷ ಆರು ಜನ ಚಿಕ್ಕವರು ಇನ್ನೂ ಶಾಲೆಯಲ್ಲಿರುತ್ತಾರೆ. ಆ ಹುಡುಗಿ ಇರುವುದಿಲ್ಲ. ಶುಂಠಿಯ ಹೊಲಕ್ಕೆ ಹೋದ ಮಗು ವಾಪಸು ಬಂದು ಆರನೇ ಕ್ಲಾಸಿನ ಬೆಂಚಿನ ಮೇಲೆ ಕುಳಿತದ್ದನ್ನು ನಾನು ನೋಡಿಲ್ಲ. ನನ್ನ ಮೊಮ್ಮಗಳು ಜೀಪಿಲ್ಲದೆ ಸಾಯುವುದಿಲ್ಲ. ಅಷ್ಟೇ. ಇದರಲ್ಲಿ ದೊಡ್ಡ ಮನಸ್ಸೇನೂ ಇಲ್ಲ, ಕೂಡಿ ಕಳೆದರೆ ಬರುವ ಲೆಕ್ಕ.

ಬೆಳಿಗ್ಗೆ ಮೇಡಂ ಹತ್ತಿರ ಹೋಗಿ ಬಿಳಿ ಹಾಳೆ ಕೇಳಿದೆ. “ನೀವು ಹೇಳಿ, ನಾನು ಬರೀತೀನಿ, ಸೈನ್ ಹಾಕಿ ಸಾಕು,” ಅಂದರು. “ನಾನು ಬಾಯಲ್ಲಿ ಮಾಡಿದ ತಪ್ಪು. ಕೈಯಲ್ಲಿ ನಾನೇ ಬರೀತೀನಿ,” ಅಂದೆ. ಮೂರನೇ ಕ್ಲಾಸಿನವರೆಗೆ ಹೋಗಿದ್ದೆ. ಪಾತ್ರೆ ತೊಳೆದಾದ ಮೇಲೆ ಕುಳಿತವಳು ಶಾಲೆ ಬಿಡುವವರೆಗೆ ಬರೆದೆ. ಹನ್ನೊಂದು ಸಾಲು. ಮಕ್ಕಳ ವಿಳಾಸ ತವರಿನದು ಕೊಡಿ ಎಂದು ನಾನೇ ಹೇಳಿದೆ. ಹೆಂಗಸರ ತಪ್ಪಿಲ್ಲ. ಈ ಏಳು ಮಕ್ಕಳು ಹುಂಡಿಯಲ್ಲಿ ಇರುವವರು. ನನ್ನ ಮಗಳ ಮಗಳು ಮೇಲೂರಿನಲ್ಲಿ ಇರುವವಳು, ಅವಳ ಹೆಸರು ತೆಗೆಯಬೇಕು. ಕೆಳಗೆ ಹೆಸರು ಬರೆದೆ. ಮೇಡಂ ಓದಿದರು. ಒಂದು ಅಕ್ಷರವನ್ನೂ ತಿದ್ದಲಿಲ್ಲ, ತಿದ್ದುವಂಥವು ಬೇಕಾದಷ್ಟಿದ್ದವು.

ಉಳಿದದ್ದು ಮಹಜರು. ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿಯ ಅಧ್ಯಕ್ಷರು ಮೇಲೂರಿನ ಲಿಂಗಾಯತರು, ಬಾಳೆ ಅರಿಶಿನ ಬೆಳೆಯುವ ದೊಡ್ಡ ಹಿಡುವಳಿದಾರರು. ಹಣೆಗೆ ವಿಭೂತಿ ಇಲ್ಲದೆ ಹೊರಗೆ ಬಂದವರಲ್ಲ. “ಮಹಜರು ತಾನೇ, ಬರೆದು ತನ್ನಿ, ಇಲ್ಲೇ ಸಹಿ ಹಾಕ್ತೀನಿ,” ಅಂದರು.

“ನೋಡದೆ ಹಾಕಿದ ಸಹಿ ನಿಮ್ಮದು ಅನ್ನಿಸಿಕೊಳ್ಳೋಲ್ಲ ಅಣ್ಣ. ನಾಳೆ ಬೆಳಿಗ್ಗೆ ಆರಕ್ಕೆ ಹೊರಡೋಣ,” ಅಂದರು ಮೇಡಂ.

“ಆರಕ್ಕೆ ಯಾಕೆ? ಹತ್ತಕ್ಕೆ ಹೋದರೆ ಮನೆ ಓಡಿಹೋಗ್ತವಾ?”

“ಹತ್ತಕ್ಕೆ ಹೋದರೆ ಯಾವ ಮಗುವನ್ನು ಯಾವ ಮನೆ ಮುಂದೆ ಬೇಕಾದರೂ ನಿಲ್ಲಿಸಬಹುದು. ಬೆಳಿಗ್ಗೆ ಹಲ್ಲುಜ್ಜುವಾಗ ಮಗು ಯಾವ ಮನೆ ಮುಂದೆ ನಿಂತಿರುತ್ತೋ ಅದೇ ಅದರ ಮನೆ. ಅದನ್ನು ಯಾರೂ ಕಲಿಸೋಕಾಗಲ್ಲ.”

ಅಧ್ಯಕ್ಷರು ನನ್ನ ಮುಖ ನೋಡಿದರು. ನಾನು ಮೇಡಂ ಮುಖ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ.

ಮೇಡಂ ಆ ಬೆಳಿಗ್ಗೆ ಗುಂಡ್ಲುಪೇಟೆಯಿಂದ ಸ್ಕೂಟರಿನಲ್ಲಿ ಮಂಜಿನಲ್ಲೇ ಬಂದರು. ಮೊದಲು ಮೇಲೂರಿನಲ್ಲೇ ಶುರುಮಾಡಿದರು, ನನ್ನ ಮಗಳ ಮನೆಯಿಂದ. ಆ ದಾರಿಗೆ ಜೊತೆಯಾಗಲು ನಾನು ಕತ್ತಲೆಯಲ್ಲೇ ಹುಂಡಿ ಬಿಟ್ಟು ಬಂದಿದ್ದೆ. ಮೊಮ್ಮಗಳು ಜಗಲಿಯ ಮೇಲೆ ಬ್ರಷ್ಷು ಕಚ್ಚಿಕೊಂಡು ತೂಕಡಿಸುತ್ತಿದ್ದಳು. ಮೇಡಂ ಹೊತ್ತು ಬರೆದುಕೊಂಡರು. ಅಳಿಯ ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋದ. ಮಗಳು ಮಾತ್ರ, “ಕಾಫಿ ಕುಡಿದೋಗಿ ಮೇಡಂ,” ಅಂದಳು.

ಅಲ್ಲಿಂದ ಮೂವರೂ ಕಂದಕದ ದಾರಿ ಹಿಡಿದೆವು. ಅಧ್ಯಕ್ಷರು ಹುಟ್ಟಿದ್ದು ಬೆಳೆದದ್ದು ಮೇಲೂರಿನಲ್ಲೇ, ಆದರೆ ಕಂದಕವಾದ ಮೇಲೆ ಈ ಕಡೆ ಕಾಲಿಟ್ಟಿರಲಿಲ್ಲ. ಗೇಟಿನ ಹತ್ತಿರ ಆನೆಯ ಲದ್ದಿ ಬಿದ್ದಿತ್ತು. ಅವರು ಕೋಲಿನಿಂದ ಮುಟ್ಟಿ ನೋಡಿದರು. ಹಬೆಯಾಡುತ್ತಿತ್ತು.

“ಇದು ಈಗಿಂದೇ,” ಅಂದರು. ದನಿ ತಗ್ಗಿತ್ತು.

“ದಿನಾ ಈಗಿಂದೇ ಇರ್ತದ ಸ್ವಾಮಿ,” ಅಂದೆ.

ಆಮೇಲೆ ಅವರು ಹತ್ತು ಗಂಟೆಯ ಮಾತಾಡಲಿಲ್ಲ. ಹುಂಡಿ ತಲುಪಿದಾಗ ಬಿಸಿಲು ಇನ್ನೂ ಹೆಂಚು ಮುಟ್ಟಿರಲಿಲ್ಲ. ಚಿಕ್ಕವರು ಆರೂ ಜನ ಸಿಕ್ಕಿದರು. ಒಬ್ಬ ಇದ್ದಿಲಲ್ಲಿ ಉಜ್ಜುತ್ತಿದ್ದ, ಇಬ್ಬರು ಒಂದೇ ಬ್ರಷ್ಷಿಗೆ ಜಗಳವಾಡುತ್ತಿದ್ದರು. ಮೇಡಂ ಪ್ರತಿ ಮನೆಯ ಮುಂದೆಯೂ ನಿಂತು ಮಗುವಿನ ಹೆಸರು, ಹೊತ್ತು, ಮನೆಯಲ್ಲಿ ಮಲಗಿದ್ದ ಚಾಪೆ ಎಷ್ಟು ಎಂದು ಬರೆದರು. ಅಧ್ಯಕ್ಷರು ಓದಿ ಸಹಿ ಹಾಕಿದರು. ಓದದೆ ಒಂದಕ್ಕೂ ಹಾಕಲಿಲ್ಲ.

ಕೊನೆಯದು ಆ ಹುಡುಗಿಯ ಮನೆ. ಅಂಗಳದಲ್ಲಿ ಎರಡು ಗೋಣಿಚೀಲ, ಪಾತ್ರೆಯ ಗಂಟು ಕಟ್ಟಿ ಇಟ್ಟಿತ್ತು. ಹುಡುಗಿ ತೊಟ್ಟಿಯ ಹತ್ತಿರ ಬಾಯಿ ಮುಕ್ಕಳಿಸುತ್ತಿದ್ದಳು. ಮೇಡಂ ಅವರನ್ನು ಕಂಡೊಡನೆ ನೆಟ್ಟಗೆ ನಿಂತು, “ಗುಡ್ ಮಾರ್ನಿಂಗ್ ಮಿಸ್,” ಅಂದಳು, ಬಾಯಲ್ಲಿ ನೊರೆ ಇಟ್ಟುಕೊಂಡೇ.

ಅಪ್ಪ ಹೊರಗೆ ಬಂದ. “ಇವಳದ್ದು ಬರೀಬೇಡಿ. ನಾಳೆ ಹೊರಡ್ತೀವಿ. ಮೇಸ್ತ್ರಿ ಮುಂಚೇನೇ ಕರ್ದವ್ನೆ.”

“ನಾನು ಇವತ್ತಿಂದು ಬರೀತೀನಿ. ನಾಳೆದು ನಿಮ್ಮದು,” ಅಂದರು ಮೇಡಂ. ಬರೆದರು.

ಅವನು ಅಧ್ಯಕ್ಷರ ಕಡೆ ತಿರುಗಿದ. “ಬರೆದ್ರೆ ಜೀಪು ಬಂದೇ ಬತ್ತದಾ ಸ್ವಾಮಿ?”

ಅಧ್ಯಕ್ಷರು ಬರುತ್ತದೆ ಎನ್ನಲು ಬಾಯಿ ತೆರೆದರು. ಮೇಡಂ ಅದಕ್ಕೆ ಮೊದಲೇ, “ಗೊತ್ತಿಲ್ಲ. ಕೇಳೋ ಹಕ್ಕು ನಿಮಗಿದೆ, ಅದು ಗೊತ್ತು. ಕೇಳಿದ್ದನ್ನ ತಪ್ಪಿಲ್ಲದ ಹಾಗೆ ಕಳಿಸೋದು ನನ್ನ ಕೆಲಸ. ಆಮೇಲಿಂದು ನನ್ನ ಕೈಲಿಲ್ಲ,” ಅಂದರು.

ನಾನು ಅಂದುಕೊಂಡೆ, ಒಂದು ಸುಳ್ಳು ಹೇಳಿದ್ದರೆ ಅವನು ಉಳಿಯುತ್ತಿದ್ದ. ಆದರೆ ಅವನು ಗೋಣಿಚೀಲದ ಮೇಲೆ ಕುಳಿತು ಮೇಡಂ ಕಾಲಿನ ಕೆಸರು ನೋಡಿದ. “ಬತ್ತದೆ ಅಂತ ಏಳೋರು ಭಾಳ ಜನ ಬಂದವ್ರೆ. ಗೊತ್ತಿಲ್ಲ ಅಂದೋರು ನೀವೇ,” ಅಂದ. ಆಮೇಲೆ ನನ್ನ ಕಡೆ ನೋಡಿದ, ಪಟ್ಟಿ ಬಂದ ಮೇಲೆ ಮೊದಲ ಸಲ. “ಅಲ್ಲೀವರ್ಗೂ ಸಂಜೆಗೆ ಯಾರು?”

“ನಾನು. ಚಿಕ್ಕವರನ್ನೂ ಮೇಡಮ್ಮೋರು ನಾಕೂವರೆಗಂಟ ಕೂರಿಸ್ಕಳ್ಲಿ. ಎಲ್ರೂ ಒಟ್ಟಿಗೆ ಬತ್ತೀವಿ.”

“ನಿನ್ನ ಎಮ್ಮೆ?”

“ಎಮ್ಮೆ ಕಾಯ್ತದ. ಅದೇನು ಆರನೇ ಕ್ಲಾಸಾ?”

ಅವನು ಹೆಂಡತಿಯನ್ನು ಕರೆದು ಪಾತ್ರೆಯ ಗಂಟು ಬಿಚ್ಚಲು ಹೇಳಲಿಲ್ಲ. ಎರಡು ಗಂಟು ಮಾಡಲು ಹೇಳಿದ. ಅವನೂ ಹೆಂಡತಿಯೂ ಹೋದರು, ಹುಡುಗಿಯನ್ನು ಅವಳ ಅಜ್ಜಿಯ ಜೊತೆ ಹುಂಡಿಯಲ್ಲೇ ಬಿಟ್ಟು.

ಕಾಗದ ಅದೇ ದಿನ ಗುಮಾಸ್ತರ ಮೇಜು ಸೇರಿತು. ಅವರು ನನ್ನ ಹನ್ನೊಂದು ಸಾಲನ್ನು ಎರಡು ಸಲ ಓದಿದರು ಅಂತ ಮೇಡಂ ಆಮೇಲೆ ಹೇಳಿದರು. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕರೆಸಿ ಕೇಳಲೂ ಇಲ್ಲ. ಒಂದೂವರೆ ತಿಂಗಳು ನಾಲ್ಕೂವರೆಗೆ ಏಳು ಮಕ್ಕಳನ್ನು ಮುಂದೆ ಬಿಟ್ಟುಕೊಂಡು ನಡೆದೆ. ಎರಡು ಸಲ ಗೇಟಿನಿಂದ ವಾಪಸು ಬಂದು ಶಾಲೆಯಲ್ಲಿ ಕಾದೆವು. ಎರಡು ಸಲವೂ ಮೇಡಂ ಕೊನೆಯ ಬಸ್ಸಿನ ಹೊತ್ತಿನವರೆಗೆ ಮನೆಗೆ ಹೋಗದೆ ಕುಳಿತಿದ್ದರು, ಬೋರ್ಡಿನ ಮೇಲೆ ಮಗ್ಗಿ ಬರೆಸುತ್ತ. ಅಳಿಯ ಅಷ್ಟು ದಿನವೂ ನನ್ನ ಹತ್ತಿರ ಮಾತಾಡಲಿಲ್ಲ.

ತಿದ್ದಿದ ಪಟ್ಟಿ ಒಂದು ಮಧ್ಯಾಹ್ನ ಬಂತು, ಬಡಿಸುವ ಹೊತ್ತಿಗೆ. ಮೇಡಂ ಅಡುಗೆಮನೆಗೆ ಬಂದು ಓದಿದರು. ಏಳು ಹೆಸರು. ಮೊದಲನೆಯದು ಆ ಹುಡುಗಿಯದು, ದೂರ ಮೂರು ಸಾವಿರದ ಆರುನೂರ ಎಂಟು ಮೀಟರು. ಮುಂದಿನ ಸೋಮವಾರದಿಂದ ಜೀಪು. ನಾನು ಸೌಟು ಕೆಳಗಿಟ್ಟು ಇನ್ನೊಂದು ಸಲ ಓದಿಸಿದೆ. ನನ್ನ ಮೊಮ್ಮಗಳ ಹೆಸರು ಇರಲಿಲ್ಲ.

“ಮುಂದಿನ ವರ್ಷದ ಪಟ್ಟೀನೂ ಇದೇ ಕಾರ್ಡು ನೋಡೇ ಮಾಡ್ತಾರಾ?” ಅಂತ ಕೇಳಿದೆ.

“ಹೌದು. ಕಾರ್ಡು ಹಾಗೇ ಇದ್ದರೆ ತಪ್ಪೂ ಹಾಗೇ ಇರುತ್ತೆ,” ಅಂದರು.

ಮರುದಿನ ಬೆಳಿಗ್ಗೆ ಜೊತೆಯವಳಿಗೆ ಒಲೆ ಒಪ್ಪಿಸಿ, ಹುಂಡಿಯ ತಾಯಂದಿರನ್ನೂ ಮಕ್ಕಳನ್ನೂ ಎಬ್ಬಿಸಿ, ಆ ಹುಡುಗಿಗೆ ಅವಳ ಅಜ್ಜಿಯನ್ನು ಜೊತೆ ಮಾಡಿ, ಮೇಲೂರಿನಲ್ಲಿ ನನ್ನ ಮಗಳನ್ನೂ ಮೊಮ್ಮಗಳನ್ನೂ ಮನೆಯಿಂದ ಹೊರಡಿಸಿ, ಮೊದಲ ಬಸ್ಸಿಗೆ ಗುಂಡ್ಲುಪೇಟೆಗೆ ಹೋದೆ. ಆಧಾರ್ ಸೆಂಟರಿನ ಬಾಗಿಲು ಇನ್ನೂ ತೆಗೆದಿರಲಿಲ್ಲ. ಸಾಲಿನಲ್ಲಿ ನನ್ನ ಮಗಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದೆ. ಬಾಗಿಲು ತೆಗೆದವನು ಏನು ಬದಲಾಯಿಸಬೇಕು ಎಂದು ಕೇಳಿದ. “ಇವಳನ್ನೂ ಇವಳ ಮಗಳನ್ನೂ ನನ್ನ ಮನೆಯಿಂದ ತೆಗಿ,” ಅಂದೆ.